ಮನೆ ಚಿಕ್ಕದಾಗುವ ಸುದ್ದಿ ಅತ್ತೆಗೆ ಹೇಳೋದು ಹೇಗೆ?

ಪ್ರಶ್ನೆ: ನಾವು ಮೈಸೂರಿನವರು. ಏಳು ವರ್ಷದಿಂದ ಕೆನಡಾದಲ್ಲಿದ್ದೇವೆ. ಟೊರಾಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿ ಮೂರು ಬೆಡ್‌ರೂಮಿನ ಟೌನ್‌ಹೌಸ್‌ನಲ್ಲಿ (ಮಹಡಿ ಇರುವ ಸಾಲುಮನೆ) ನಾಲ್ಕು ವರ್ಷದಿಂದ ಬಾಡಿಗೆಗಿದ್ದೇವೆ. ತಿಂಗಳಿಗೆ 3,500 ಡಾಲರ್. ಈ ವರ್ಷ ನಮ್ಮ ಮನೆಯವರ ಕೆಲಸ ಹೋಯಿತು. ಈಗ ಸಿಕ್ಕಿರುವುದು ಕಾಂಟ್ರ್ಯಾಕ್ಟ್ ಕೆಲಸ, ಸಂಬಳ ಕಡಿಮೆ. ಅದೇ ಹೊತ್ತಿಗೆ ಓನರ್ "ಮನೆ ಮಾರ್ತಿದ್ದೀನಿ, ಮುಂದಿನ ತಿಂಗಳ ಕೊನೆಗೆ ಖಾಲಿ ಮಾಡಿ" ಅಂತ ವಾಟ್ಸಾಪ್ ಮಾಡಿದ್ದಾರೆ. ಅವರು 2022ರ ಶುರುವಿನಲ್ಲಿ ತಗೊಂಡ ಮನೆ, ಈಗ ಕಂತು ಕಟ್ಟಲು ಆಗುತ್ತಿಲ್ಲವಂತೆ. ನಮ್ಮ ಕಡೆಯವರೇ, ಹಬ್ಬಕ್ಕೆ ಬಂದು ಊಟ ಮಾಡಿ ಹೋದವರು. ಪಕ್ಕದ ಊರು ಮಿಸಿಸಾಗದಲ್ಲಿ ಎರಡು ಬೆಡ್‌ರೂಮಿನ ಕಾಂಡೊ (ಅಪಾರ್ಟ್‌ಮೆಂಟ್ ಮನೆ) 2,550ಕ್ಕೆ ಸಿಗುವ ಹಾಗಿದೆ. ಆದರೆ ಗೆಳೆಯರೆಲ್ಲ "ಮನೆ ರೇಟ್ ಬಿದ್ದಿದೆ, ಗಾಳಿ ಬಂದಾಗ ತೂರಿಕೊಳ್ಳಿ, 7 ಲಕ್ಷ ಡಾಲರ್‌ಗೆ ಒಂದು ಮನೆ ತಗೊಂಡುಬಿಡಿ" ಅಂತಾರೆ. ಕೈಯಲ್ಲಿ 60,000 ಡಾಲರ್ ಉಳಿತಾಯ ಇದೆ. ಅತ್ತೆ ನವರಾತ್ರಿಗೆ ಮುಂಚೆ ಬರುತ್ತಾರೆ. ಮಗನ ಮನೆ ದೊಡ್ಡದು ಅಂತ ಊರಲ್ಲಿ ಎಲ್ಲರಿಗೂ ಹೇಳಿದ್ದಾರೆ. ಅವರಿಗೆ ಏನೂ ಹೇಳಬೇಡ ಅನ್ನುವುದು ನಮ್ಮ ಮನೆಯವರ ಹಟ. ವಿಡಿಯೊ ಕಾಲ್‌ನಲ್ಲಿ ಈಗಲೂ ಹಿಂದೆ ಮೆಟ್ಟಿಲು ಕಾಣುವ ಹಾಗೆ ಕೂತು ಮಾತಾಡುತ್ತಾರೆ. ಪಾಪ, ವಠಾರದ ಎರಡೇ ಕೋಣೆಯಲ್ಲಿ ಮೂರು ಮಕ್ಕಳನ್ನು ಸಾಕಿದ ಹೆಂಗಸು, ಅವರಿಗೆ ಬೇಜಾರು ಮಾಡಲು ನನಗೂ ಮನಸ್ಸಿಲ್ಲ. 13 ವರ್ಷದ ಮಗಳು, ತಮ್ಮನ ಜೊತೆ ರೂಮು ಹಂಚಿಕೊಳ್ಳಲ್ಲ ಅಂತ ಅಳುತ್ತಾಳೆ. ಏನು ಮಾಡಲಿ?

ಉತ್ತರ: ಮೊದಲು ಆ ವಾಟ್ಸಾಪ್ ಮೆಸೇಜಿನ ವಿಷಯ. ಅದನ್ನು ಇಟ್ಟುಕೊಳ್ಳಿ, ಆದರೆ ಅದಕ್ಕೆ ಹೆದರಿ ಡಬ್ಬ ಕಟ್ಟಲು ಕೂರಬೇಡಿ. ನೀವಿರುವ ಒಂಟಾರಿಯೊ ಪ್ರಾಂತ್ಯದಲ್ಲಿ ಓನರ್ ಮನೆ ಮಾರುತ್ತಾರೆ ಎಂಬ ಒಂದೇ ಕಾರಣಕ್ಕೆ ಬಾಡಿಗೆದಾರರು ಎದ್ದು ಹೋಗಬೇಕಾಗಿಲ್ಲ. ಮನೆ ಮಾರಾಟವಾದರೆ ನಿಮ್ಮ ಬಾಡಿಗೆ ಕರಾರು ಹೊಸ ಓನರ್‌ಗೆ ದಾಟುತ್ತದೆ, ಅಷ್ಟೇ. ಕೊಳ್ಳುವವರು ತಾವೋ ತಮ್ಮ ಹತ್ತಿರದ ಕುಟುಂಬದವರೋ ಬಂದು ಇರುತ್ತೇವೆ ಎಂದರೆ ಮಾತ್ರ ಓನರ್ ಎನ್-12 ಎಂಬ ಫಾರಂನಲ್ಲಿ ನೋಟಿಸ್ ಕೊಡಬಹುದು. ಅದಕ್ಕೂ ಮುಂಚೆ ಮಾರಾಟದ ಒಪ್ಪಂದಕ್ಕೆ ಸಹಿ ಬಿದ್ದಿರಬೇಕು. ಕಡಿಮೆ ಅಂದರೂ 60 ದಿನ ಸಮಯ ಸಿಗುತ್ತದೆ, ಒಂದು ತಿಂಗಳ ಬಾಡಿಗೆಯಷ್ಟು ಪರಿಹಾರವನ್ನೂ ಓನರ್ ಕೊಡಬೇಕು. ಆ ನೋಟಿಸ್ ಬಂದ ಮೇಲೆ ಬೇಗ ಹೋಗಬೇಕು ಅನ್ನಿಸಿದರೆ ನೀವು 10 ದಿನ ಮುಂಚೆ ಬರೆದುಕೊಟ್ಟರೆ ಸಾಕು. ಒಪ್ಪದೆ ಕೂತವರನ್ನು ಹೊರಗೆ ಕಳಿಸಲು ಆದೇಶ ಕೊಡುವುದು ಅಲ್ಲಿನ ಬಾಡಿಗೆ ಮಂಡಳಿ, ಓನರ್ ಅಲ್ಲ. ಮನೆ ತೋರಿಸಲು ಜನ ಕರೆತರುವುದಿದ್ದರೂ 24 ಗಂಟೆ ಮುಂಚೆ ಬರೆದು ತಿಳಿಸಬೇಕು, ಬೆಳಗ್ಗೆ 8ರಿಂದ ರಾತ್ರಿ 8ರ ಒಳಗೆ ಬರಬೇಕು. ಸಾರು ಒಲೆ ಮೇಲಿದ್ದಾಗ ಇದ್ದಕ್ಕಿದ್ದಂತೆ ಬೆಲ್ ಮಾಡುವ ಹಾಗಿಲ್ಲ.

ಇದನ್ನೆಲ್ಲ ಹೇಳಿದ್ದು ಜಗಳ ಆಡಿ ಅಂತಲ್ಲ. ನೀವು ಹೇಗೂ ಚಿಕ್ಕ ಮನೆಗೆ ಹೋಗಬೇಕು ಅಂತಲೇ ಇದ್ದೀರಿ. ನಿಮ್ಮ ಓನರ್‌ಗೆ ಬೇಕಾಗಿರುವುದೂ ಖಾಲಿ ಮನೆ. ಬಾಡಿಗೆದಾರರು ಇರುವ ಮನೆಯನ್ನು ಇಂಥ ಮಾರುಕಟ್ಟೆಯಲ್ಲಿ ಮಾರುವುದು ಕಷ್ಟ. ಹಾಗಾಗಿ ನೀವಾಗಿ ಬಿಡುತ್ತೇವೆ ಅಂತ ಮೊದಲೇ ಬರೆದುಕೊಡಬೇಡಿ. ಹಾಗೆ ಮಾಡಿದರೆ 60 ದಿನದ ನೋಟಿಸ್ ಕೊಡಬೇಕಾದವರು ನೀವಾಗುತ್ತೀರಿ, ಪರಿಹಾರವೂ ಇಲ್ಲ. ಕೂತು ಮಾತಾಡಿ. "ಆಗಸ್ಟ್ ಕೊನೆಗೆ ಬಿಡುತ್ತೇವೆ, ಒಂದು ತಿಂಗಳ ಬಾಡಿಗೆಯಷ್ಟು ಕೊಡಿ, ಸಾಗಿಸುವ ಖರ್ಚು ನೋಡಿಕೊಳ್ಳಿ" ಅಂತ ಕೇಳಿ. ಒಪ್ಪಿದರೆ ಎರಡೂ ಕಡೆಯವರು ಸಹಿ ಮಾಡುವ ಎನ್-11 ಫಾರಂ ಇದೆ. ಮೊತ್ತ, ತಾರೀಕು ಎರಡನ್ನೂ ಕಾಗದದ ಮೇಲೆ ಬರೆಸಿಕೊಳ್ಳಿ, ಆಮೇಲೆ ಸಹಿ ಹಾಕಿ. ನಿಮ್ಮ ಮನೆಯಲ್ಲಿ ಒಬ್ಬಟ್ಟು ತಿಂದವರು ಅನ್ನುವ ಮುಲಾಜಿಗೆ ಬಿದ್ದು ಸುಮ್ನೆ ಸಹಿ ಮಾಡಿಬಿಟ್ಟರೆ ಆಮೇಲೆ ಅವರ ಮೇಲೆ ಕೋಪ ಬರುತ್ತದೆ. ಸ್ನೇಹ ಉಳಿಯುವುದಕ್ಕಾದರೂ ಲೆಕ್ಕ ನೇರ ಇರಲಿ. ಮನೆಗೆ ಬಂದಾಗ ಕೊನೆಯ ತಿಂಗಳ ಬಾಡಿಗೆ ಅಂತ ಡೆಪಾಸಿಟ್ ಕೊಟ್ಟಿದ್ದರೆ ಅದು ಕೊನೆಯ ತಿಂಗಳಿಗೆ ಮುರಿಯಬೇಕು, ಅದಕ್ಕೆ ವರ್ಷ ವರ್ಷ ಬಡ್ಡಿಯೂ ಸೇರುತ್ತದೆ. ಅದನ್ನು ಎಷ್ಟೋ ಜನ ಕೇಳುವುದೇ ಇಲ್ಲ.

ಇನ್ನು ನಿಮ್ಮ ಗೆಳೆಯರ ಗಾಳಿ. ಅವರಿಗೆ ನಿಮ್ಮ ಓನರ್ ಕಥೆಯನ್ನೇ ಹೇಳಿ. ಟೊರಾಂಟೊ ಸುತ್ತಮುತ್ತ ಮನೆಗಳ ಸರಾಸರಿ ಬೆಲೆ ತುದಿ ಮುಟ್ಟಿದ್ದು 2022ರ ಫೆಬ್ರವರಿಯಲ್ಲಿ. 13 ಲಕ್ಷ ಡಾಲರ್ ದಾಟಿತ್ತು. ಆಗಲೂ ಎಲ್ಲರೂ ಅಂದದ್ದು ಇದೇ ಮಾತು, ಈಗ ಬಿಟ್ಟರೆ ಸಿಗಲ್ಲ ಅಂತ. ಮಾರ್ಚ್ 2022ರವರೆಗೆ ಕಾಲು ಪರ್ಸೆಂಟ್ ಇದ್ದ ಬ್ಯಾಂಕ್ ಆಫ್ ಕೆನಡಾದ (ಅಲ್ಲಿನ ಕೇಂದ್ರ ಬ್ಯಾಂಕು) ಬಡ್ಡಿ ದರ ಮುಂದಿನ ವರ್ಷ ಜುಲೈ ಹೊತ್ತಿಗೆ 5 ಪರ್ಸೆಂಟ್ ಆಯಿತು. ಅವತ್ತು ತೂರಿಕೊಂಡವರು ಇವತ್ತು ನಿಮಗೆ ಖಾಲಿ ಮಾಡಿ ಅಂತ ಮೆಸೇಜ್ ಹಾಕುತ್ತಿದ್ದಾರೆ.

7 ಲಕ್ಷದ ಮನೆಗೆ ಮೊದಲು ಕೈಯಿಂದ ಹಾಕಬೇಕಾದ ಕನಿಷ್ಠ ದುಡ್ಡು 45,000. ಮೊದಲ 5 ಲಕ್ಷಕ್ಕೆ 5 ಪರ್ಸೆಂಟ್, ಮೇಲಿನ 2 ಲಕ್ಷಕ್ಕೆ 10 ಪರ್ಸೆಂಟ್. ಇಷ್ಟು ಕಡಿಮೆ ಹಾಕಿದರೆ ಸಾಲಕ್ಕೆ ಇನ್ಶೂರೆನ್ಸ್ ಕಡ್ಡಾಯ, ಅದರ ಖರ್ಚೂ ನಿಮ್ಮದೇ. ನೋಂದಣಿ ತೆರಿಗೆ, ವಕೀಲರ ಫೀಸು, ಸಾಗಾಟ ಎಲ್ಲ ಸೇರಿದರೆ ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ 60,000ದಲ್ಲಿ ಏನು ಮಿಕ್ಕುತ್ತದೆ? ಯಜಮಾನರ ಕಾಂಟ್ರ್ಯಾಕ್ಟ್ ಮುಗಿದ ಮೇಲೆ ಎರಡು ತಿಂಗಳು ಕೆಲಸ ಸಿಗದಿದ್ದರೆ? ಬ್ಯಾಂಕಿನವರೂ ನಿಮ್ಮ ಸಾಲಕ್ಕೆ ಹಾಕುವ ಬಡ್ಡಿಗಿಂತ 2 ಪರ್ಸೆಂಟ್ ಜಾಸ್ತಿ ಆದರೂ ಕಟ್ಟಬಲ್ಲಿರಾ ಅಂತ ನೋಡಿಯೇ ಸಾಲ ಕೊಡುವುದು. ಹೊಸ ಕಾಂಟ್ರ್ಯಾಕ್ಟ್ ಕೆಲಸಕ್ಕೆ ಅಲ್ಲಿ ಬೆಲೆ ಕಡಿಮೆ. ಕಾಂಡೊಗೆ ಹೋದರೆ ತಿಂಗಳಿಗೆ 950 ಡಾಲರ್ ಉಳಿಯುತ್ತದೆ, ವರ್ಷಕ್ಕೆ 11,400. ಮನೆ ಬೆಲೆ ಬಿದ್ದದ್ದರಿಂದ ನಿಮ್ಮ ಒಂದು ಡಾಲರೂ ಹೋಗಿಲ್ಲ. ನಿಮಗೆ ಪೆಟ್ಟು ಬಿದ್ದಿರುವುದು ಸಂಬಳದಲ್ಲಿ. ಅದು ಗಟ್ಟಿಯಾಗುವ ತನಕ ಕೊಳ್ಳುವ ಮಾತು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಕಾಂಡೊ ನೋಡುವಾಗ ಒಂದು ವಿಷಯ ಕೇಳಿ. ಆ ಮನೆಯಲ್ಲಿ ಮೊದಲು ಜನ ಇರಲು ಶುರು ಮಾಡಿದ್ದು ಯಾವಾಗ? 2018ರ ನವೆಂಬರ್ 15ರ ನಂತರ ಅಂದರೆ, ವರ್ಷಕ್ಕೆ ಇಷ್ಟೇ ಏರಿಸಬೇಕು ಎಂಬ ಸರ್ಕಾರದ ಮಿತಿ ಅದಕ್ಕೆ ಇಲ್ಲ. 2026ಕ್ಕೆ ಆ ಮಿತಿ 2.1 ಪರ್ಸೆಂಟ್. ಹೊಸ ಕಟ್ಟಡದ ಓನರ್‌ಗೆ ಅದು ಅನ್ವಯಿಸಲ್ಲ. ಈಜುಕೊಳ ಚೆನ್ನಾಗಿದೆ ಅಂತ ಹೊಸದಕ್ಕೆ ಹೋಗುವ ಮುಂಚೆ ಪಕ್ಕದ ಹಳೇ ಕಟ್ಟಡವನ್ನೂ ನೋಡಿ. ಖಾಲಿ ಕಾಂಡೊಗಳು ಜಾಸ್ತಿ ಇರುವಾಗ ಒಂದು ತಿಂಗಳು ಬಾಡಿಗೆ ಬಿಡಿ, ಪಾರ್ಕಿಂಗ್ ಸೇರಿಸಿ ಅಂತ ಚೌಕಾಸಿ ಮಾಡಬಹುದು. ಸಂಕೋಚ ಬೇಡ, ದೇವರಾಜ ಮಾರ್ಕೆಟ್ಟಿನಲ್ಲಿ ಮಾಡಿದ ಅಭ್ಯಾಸ ಇದೆಯಲ್ವಾ?

ಮಗಳ ಮಾತು ನನಗೆ ಸರಿ ಅನ್ನಿಸಿತು. ಹದಿಮೂರರ ಹುಡುಗಿಗೆ ಹಾಕಿಕೊಳ್ಳಲು ಒಂದು ಬಾಗಿಲು ಬೇಕೇ ಬೇಕು. ಎರಡನೇ ರೂಮು ಅವಳಿಗೇ ಇರಲಿ. ಅಜ್ಜಿ ಬಂದಾಗ ಅವಳ ಜೊತೆ ಮಲಗಲಿ. ಏಳೆಂಟು ವರ್ಷದ ಗಂಡುಮಕ್ಕಳು ಹಾಲ್‌ನ ಮೂಲೆಯಲ್ಲಿ ಮಂಚ ಹಾಕಿ ಪರದೆ ಕಟ್ಟಿಕೊಟ್ಟರೆ ಅದನ್ನೇ ಕೋಟೆ ಮಾಡಿಕೊಳ್ಳುತ್ತಾರೆ. ಸ್ಕೂಲು ಬದಲಾಗುವುದಾದರೆ ಸೆಪ್ಟೆಂಬರ್‌ಗೆ ಮುಂಚೆ ಹೋಗಿಬಿಡಿ, ನಡುವೆ ಬೇಡ.

ಈಗ ನೀವು ನಿಜವಾಗಿ ಕೇಳಿದ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ವಠಾರದ ಎರಡು ಕೋಣೆಯ ಮಾತನ್ನು ನೀವು ಹಾಗೇ ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತೆ. ನಾನೂ ವಠಾರದಲ್ಲಿ ಬೆಳೆದವಳು. ಒಂದೇ ನಲ್ಲಿ, ಸರದಿ ಸಾಲು, ಬೆಳಗ್ಗೆ ಹಾಸಿಗೆ ಸುತ್ತಿಟ್ಟರೆ ಮಲಗುವ ಕೋಣೆಯೇ ಊಟದ ಕೋಣೆ. ಹಾಗೆ ಸಂಸಾರ ಮಾಡಿದ ಹೆಂಗಸಿಗೆ ಎರಡು ಬೆಡ್‌ರೂಮು ಚಿಕ್ಕದು ಅಂತ ಅನ್ನಿಸುತ್ತದಾ? ಕಾಂಡೊ ಬಾಗಿಲು ತೆಗೆದ ಕೂಡಲೇ ಅವರಿಗೆ ಎಲ್ಲ ಗೊತ್ತಾಗುತ್ತದೆ. ಮಗ ಮೂರು ತಿಂಗಳು ಮೆಟ್ಟಿಲ ಮುಂದೆ ಕೂತು ನಾಟಕ ಆಡಿದ್ದೂ ಗೊತ್ತಾಗುತ್ತದೆ. ಬೇಜಾರಾಗುವುದು ಆಗ. ನಿಮ್ಮ ಯಜಮಾನರ ಮೇಲೆ ನನಗೆ ಸಿಟ್ಟಿಲ್ಲ. ಕೆಲಸ ಹೋದ ಗಂಡಸಿಗೆ ಆ ಮೆಟ್ಟಿಲೊಂದೇ ಮರ್ಯಾದೆಯ ಥರ ಕಾಣುತ್ತಿರಬಹುದು. ಆದರೆ ಈ ಮುಚ್ಚುಮರೆಯಲ್ಲಿ ನೀವು ಸೇರಿಕೊಳ್ಳಬೇಡಿ. ಅವರ ಬೆನ್ನ ಹಿಂದೆ ಅತ್ತೆಗೆ ಫೋನ್ ಮಾಡಿ ಹೇಳುವುದೂ ಬೇಡ. "ಆಗಸ್ಟ್ ಮೊದಲ ವಾರದೊಳಗೆ ನೀವೇ ಹೇಳಬೇಕು, ನಾನು ಪಕ್ಕದಲ್ಲಿ ಕೂತಿರುತ್ತೇನೆ" ಅಂತ ಗಂಡನಿಗೆ ದಿನ ಗೊತ್ತು ಮಾಡಿ. ಕೆಲಸ ಹೋದ ವಿಷಯದಿಂದ ಶುರು ಮಾಡಲಿ, ಮನೆ ವಿಷಯ ತಾನಾಗೇ ಬರುತ್ತದೆ. ಅತ್ತೆ ಸ್ವಲ್ಪ ಅತ್ತರೆ ಅಳಲಿ ಬಿಡಿ. ಬಹುಶಃ ಅವರು ಕೇಳುವ ಮೊದಲ ಪ್ರಶ್ನೆ, ನನಗೆ ಯಾಕೆ ಇಷ್ಟು ದಿನ ಹೇಳಲಿಲ್ಲ ಅಂತ.

ಅವರಿಗೆ ಒಂದು ಕೆಲಸವನ್ನೂ ವಹಿಸಿ. ಹೊಸ ಮನೆಯಲ್ಲಿ ಒಂಬತ್ತು ಮೆಟ್ಟಿಲಿನ ಗೊಂಬೆ ಕೂರಿಸಲು ಜಾಗ ಇರಲ್ಲ, ಮೂರು ಮೆಟ್ಟಿಲಿಗೆ ಯಾವುದು ಇಡೋಣ, ಯಾವುದು ಈ ವರ್ಷ ಡಬ್ಬದಲ್ಲೇ ಇರಲಿ ಅಂತ ಕೇಳಿ. ಸೋಫಾ, ಬೇಸ್‌ಮೆಂಟಿನ ಟ್ರೆಡ್‌ಮಿಲ್ಲು, ಎರಡು ವರ್ಷದಿಂದ ತೆರೆಯದ ಡಬ್ಬಗಳನ್ನು ಈಗಲೇ ಮಾರಾಟಕ್ಕೆ ಹಾಕಿ. ವೆಟ್ ಗ್ರೈಂಡರ್ ಮಾತ್ರ ಯಾರು ಕೇಳಿದರೂ ಕೊಡಬೇಡಿ, ಅದು ಆಮೇಲೆ ಸಿಗಲ್ಲ. ಮತ್ತೆ, ಕಾಂಡೊದಲ್ಲಿ ಸಾಮಾನು ಸಾಗಿಸಲು ಲಿಫ್ಟನ್ನು ಮುಂಚೆಯೇ ಬುಕ್ ಮಾಡಬೇಕಾಗುತ್ತದೆ. ಆಗಸ್ಟ್ ಕೊನೆಗೆ ಎಲ್ಲರೂ ಮನೆ ಬದಲಾಯಿಸುತ್ತಾರೆ. ಕರಾರಿಗೆ ಸಹಿ ಹಾಕಿದ ದಿನವೇ ಆ ಕಟ್ಟಡದ ಆಫೀಸಿಗೆ ಹೋಗಿ ಬೆಳಗಿನ ಹೊತ್ತು ಹಿಡಿದುಕೊಳ್ಳಿ.