ರಾಯಭಾರಿಯ ಕೈಗೆ ಬೇಹುಗಾರಿಕೆಯ ಚುಕ್ಕಾಣಿ

ಪ್ರಶ್ನೆ: ವಿಶ್ವಸಂಸ್ಥೆಯಲ್ಲಿ ಬ್ರಿಟನ್ನಿನ ಕಾಯಂ ಪ್ರತಿನಿಧಿಯಾಗಿದ್ದ ಜಾನ್ ಸಾವರ್ಸ್ ಅವರು ಅಲ್ಲಿಂದ ನೇರವಾಗಿ ಗುಪ್ತಚರ ಸಂಸ್ಥೆ ಎಂಐ6ರ ಮುಖ್ಯಸ್ಥರಾದರೆಂದು ಓದಿದೆ. ರಾಜತಾಂತ್ರಿಕರಿಗೆ ಇಂಥ ಹೊಣೆ ವಹಿಸುವುದು ಸರಿಯೇ?
– ಯುಪಿಎಸ್‌ಸಿ ಪರೀಕ್ಷೆಗೆ ಓದುತ್ತಿರುವ ವಿದ್ಯಾರ್ಥಿನಿ, ವಿಜಯನಗರ, ಬೆಂಗಳೂರು

ಉತ್ತರ: ಸಾವರ್ಸ್ ಅವರನ್ನು ಪೂರ್ತಿ ಹೊರಗಿನವರೆನ್ನಲಾಗದು. 1977ರಲ್ಲಿ ಸರ್ಕಾರಿ ಸೇವೆಗೆ ಸೇರಿದ ಅವರು ಆರಂಭದ ವರ್ಷಗಳಲ್ಲಿ ಯೆಮೆನ್ ಮತ್ತು ಸಿರಿಯಾದಲ್ಲಿ ಎಂಐ6ಕ್ಕಾಗಿಯೇ ದುಡಿದಿದ್ದರು. ಆಮೇಲೆ ರಾಜತಾಂತ್ರಿಕ ಹಾದಿ ಹಿಡಿದು, ಪ್ರಧಾನಿ ಟೋನಿ ಬ್ಲೇರ್ ಅವರ ವಿದೇಶಾಂಗ ಸಲಹೆಗಾರರಾಗಿ, ಈಜಿಪ್ಟಿನಲ್ಲಿ ರಾಯಭಾರಿಯಾಗಿ, 2007ರಿಂದ ವಿಶ್ವಸಂಸ್ಥೆಯಲ್ಲಿ ಪ್ರತಿನಿಧಿಯಾಗಿ ಕೆಲಸ ಮಾಡಿ, 2009ರ ಕೊನೆಯಲ್ಲಿ ಜಾನ್ ಸ್ಕಾರ್ಲೆಟ್ ಅವರಿಂದ ಎಂಐ6ರ ಅಧಿಕಾರ ವಹಿಸಿಕೊಂಡರು.

ಆ ಹೊತ್ತಿಗೆ ಸಂಸ್ಥೆಯ ವಿಶ್ವಾಸಾರ್ಹತೆಗೆ ಪೆಟ್ಟು ಬಿದ್ದಿತ್ತು. ಇರಾಕ್ ಬಳಿ ಸಮೂಹನಾಶಕ ಅಸ್ತ್ರಗಳಿವೆ ಎಂಬ ಮಾಹಿತಿ ಪೊಳ್ಳೆಂದು ಬಯಲಾದ ಮೇಲೆ, ಮೂಲಗಳ ಸತ್ಯಾಸತ್ಯತೆಯನ್ನು ಪರಿಶೀಲಿಸುವ ಕ್ರಮದಲ್ಲಿದ್ದ ಲೋಪಗಳನ್ನು 2004ರ ಬಟ್ಲರ್ ವರದಿ ಎತ್ತಿ ತೋರಿಸಿತ್ತು. ಇದೇ ಇರಾಕ್‌ನ ವಿಷಯದಲ್ಲಿ ಸಾವರ್ಸ್ ನಡೆದುಕೊಂಡ ರೀತಿ ಗಮನಾರ್ಹ. 2003ರ ಮೇ ತಿಂಗಳಲ್ಲಿ, ಬ್ರಿಟನ್ನಿನ ವಿಶೇಷ ಪ್ರತಿನಿಧಿಯಾಗಿ ಹೋಗಿದ್ದ ಬಾಗ್ದಾದಿನಿಂದ ಲಂಡನ್ನಿಗೆ ಕಳಿಸಿದ ಟಿಪ್ಪಣಿಯಲ್ಲಿ, ಅಮೆರಿಕನ್ನರು ಕಟ್ಟಿದ ಆಡಳಿತಕ್ಕೆ ನಾಯಕತ್ವವಿಲ್ಲ, ಕಾರ್ಯತಂತ್ರವಿಲ್ಲ, ಸಮನ್ವಯವಿಲ್ಲ, ಸಾಮಾನ್ಯ ಇರಾಕಿಗಳಿಗೆ ಅದು ಕೈಗೆಟಕುವಂತೆಯೂ ಇಲ್ಲ ಎಂದು ಅವರು ಮುಚ್ಚುಮರೆಯಿಲ್ಲದೆ ಬರೆದರು. ಮಿತ್ರರಾಷ್ಟ್ರದ ಬಗೆಗೆ, ಅದೂ ಯುದ್ಧವನ್ನು ಬೆಂಬಲಿಸಿದ ತಮ್ಮದೇ ಸರ್ಕಾರಕ್ಕೆ, ಹೀಗೆ ಬರೆಯಲು ಎದೆಗಾರಿಕೆ ಬೇಕು. ಗುಪ್ತಚರ ಮುಖ್ಯಸ್ಥರಲ್ಲಿ ನಾವು ಮೊದಲು ನೋಡಬೇಕಾದದ್ದು ಈ ಗುಣವನ್ನೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೂ ನಿಮ್ಮ ಆತಂಕ ನಿರಾಧಾರವಲ್ಲ. ನೀತಿಯನ್ನು ರೂಪಿಸಿ ಸಮರ್ಥಿಸುವುದು ರಾಜತಾಂತ್ರಿಕರ ಕಸುಬು. ಆ ನೀತಿಗೆ ಒಗ್ಗದ ಸಂಗತಿಯನ್ನೂ ಇದ್ದಂತೆ ಮುಂದಿಡುವುದು ಗುಪ್ತಚರರ ಧರ್ಮ. ಪ್ರಧಾನಿ ಕಚೇರಿಯಲ್ಲಿ ಪಳಗಿದವರು ಎರಡನ್ನೂ ಬೆರೆಸಿಬಿಡುವ ಅಪಾಯ ಇದ್ದೇ ಇದೆ. ಆದ್ದರಿಂದ ವ್ಯಕ್ತಿಗಿಂತ ಹೊರಗಿನ ಕಣ್ಗಾವಲು ಮುಖ್ಯವಾಗುತ್ತದೆ. 1994ರ ಕಾಯ್ದೆ ಎಂಐ6ಕ್ಕೆ ಕಾನೂನಿನ ಚೌಕಟ್ಟು ಹಾಕಿ, ಸಂಸದರ ಸಮಿತಿಯೊಂದನ್ನೂ ಸ್ಥಾಪಿಸಿತು. 2010ರ ಅಕ್ಟೋಬರ್‌ನಲ್ಲಿ ಸಾವರ್ಸ್ ಬಹಿರಂಗ ಭಾಷಣ ಮಾಡಿದರು. ಅಧಿಕಾರದಲ್ಲಿದ್ದ ಎಂಐ6 ಮುಖ್ಯಸ್ಥರೊಬ್ಬರು ಹಾಗೆ ಮಾತನಾಡಿದ್ದು ಅದೇ ಮೊದಲು. 2013ರ ನವೆಂಬರ್‌ನಲ್ಲಿ ದೇಶದೊಳಗಿನ ಭದ್ರತೆ ನೋಡಿಕೊಳ್ಳುವ ಎಂಐ5 ಹಾಗೂ ಸಂಪರ್ಕ ಸಂಕೇತಗಳನ್ನು ಕದ್ದಾಲಿಸುವ ಜಿಸಿಎಚ್‌ಕ್ಯು ಸಂಸ್ಥೆಗಳ ಮುಖ್ಯಸ್ಥರೊಂದಿಗೆ ಆ ಸಮಿತಿಯ ಮುಂದೆ ಕುಳಿತು, ಟಿವಿ ಕ್ಯಾಮೆರಾಗಳ ಎದುರೇ ಪ್ರಶ್ನೆಗಳಿಗೆ ಉತ್ತರಿಸಿದರು.

ಪರೀಕ್ಷೆಯ ದೃಷ್ಟಿಯಿಂದ ಒಂದು ಹೋಲಿಕೆಯನ್ನು ಗುರುತು ಮಾಡಿಕೊಳ್ಳಿ: 1968ರಲ್ಲಿ ಆರ್. ಎನ್. ಕಾವ್ ಅವರ ನೇತೃತ್ವದಲ್ಲಿ ಆರಂಭವಾದ ನಮ್ಮ ‘ರಾ’ ಸಂಸ್ಥೆಗೆ ಸಂಸತ್ತು ರೂಪಿಸಿದ ಪ್ರತ್ಯೇಕ ಕಾಯ್ದೆಯಾಗಲಿ, ಅದರ ಮೇಲೆ ನಿಗಾ ಇಡುವ ಇಂಥ ಸಂಸದೀಯ ಸಮಿತಿಯಾಗಲಿ ಇಲ್ಲ.