ಕಂಪೈಲ್ ಆಯಿತು, ಫೈಲ್ ಬಿಚ್ಚಲಿಲ್ಲ

ಪ್ರಶ್ನೆ: ತೋಟದ ಮಳೆ ಲೆಕ್ಕ (ದಿನಕ್ಕೊಂದು ಸಾಲು, ಇಂಚು-ಸೆಂಟಿನಲ್ಲಿ) ಕುಗ್ಗಿಸಿಡಲು ಸಿ ಭಾಷೆಯಲ್ಲಿ ಹಫ್‌ಮನ್ (ಹೆಚ್ಚು ಬರುವ ಅಕ್ಷರಕ್ಕೆ ಚಿಕ್ಕ ಸಂಕೇತ ಕೊಟ್ಟು ಕುಗ್ಗಿಸುವ ವಿಧಾನ) ಪ್ರೋಗ್ರಾಂ ಬರೆದಿದ್ದೇನೆ. ಉಬುಂಟು ಲ್ಯಾಪ್‌ಟಾಪಿನಲ್ಲಿ ಸರಿಯಾಗಿದೆ. ವಿಂಡೋಸ್‌ನಲ್ಲಿ ಕಂಪೈಲ್ ಆಗುತ್ತದೆ, ಆದರೆ ಕುಗ್ಗಿಸಿದ್ದು ಮತ್ತೆ ಬಿಚ್ಚುವುದಿಲ್ಲ. ರಾಸ್ಪ್‌ಬೆರಿ ಪೈನಲ್ಲಂತೂ ಕುಗ್ಗಿಸುವ ಕೆಲಸ ಮುಗಿಯುವುದೇ ಇಲ್ಲ. ಕೋಡ್ ಲಗತ್ತಿಸಿದ್ದೇನೆ.
– ವಿದ್ಯಾರ್ಥಿ, ಪೊನ್ನಂಪೇಟೆ

ಉತ್ತರ: ನಿಮ್ಮ ಹಫ್‌ಮನ್ ಮರದಲ್ಲಿ ದೋಷವಿಲ್ಲ. ತೊಂದರೆ ಇರುವುದು ಫೈಲ್ ತೆರೆಯುವ, ಓದುವ, ಬರೆಯುವ ಸಾಲುಗಳಲ್ಲಿ.

ಮೊದಲು ವಿಂಡೋಸ್. ಫೈಲ್ ತೆರೆಯುವ ಎಫ್‌ಓಪನ್‌ಗೆ ಬರೀ ‘ಆರ್’, ‘ಡಬ್ಲ್ಯು’ ಕೊಟ್ಟಿದ್ದೀರಿ. ಲಿನಕ್ಸ್, ಮ್ಯಾಕ್ ಎರಡೂ ಇದನ್ನು ಕೇಳುವುದಿಲ್ಲ. ವಿಂಡೋಸ್ ಮಾತ್ರ ಇದನ್ನು ಪಠ್ಯವೆಂದು ತಿಳಿದು, ಬರೆಯುವಾಗ 10 ಎಂಬ (ಹೊಸ ಸಾಲಿನ ಗುರುತಿನ) ಪ್ರತಿ ಬೈಟಿಗೆ ಮೊದಲು ತಾನಾಗಿ ಒಂದು 13 ಸೇರಿಸುತ್ತದೆ. ಓದುವಾಗ 26 ಸಿಕ್ಕಿದರೆ ಫೈಲ್ ಮುಗಿಯಿತೆಂದು ಕೈ ಎತ್ತುತ್ತದೆ. ಕುಗ್ಗಿಸಿದ ದತ್ತಾಂಶದಲ್ಲಿ 256 ಬಗೆಯ ಬೈಟುಗಳೂ ಹೆಚ್ಚುಕಡಿಮೆ ಸಮನಾಗಿ ಹರಡಿರುತ್ತವೆ. ಹಾಗಾಗಿ 1 ಎಂಬಿಯಲ್ಲಿ ಸುಮಾರು 4,096 ಕಡೆ ಬೇಡದ 13 ನುಸುಳುತ್ತದೆ. ಎರಡೂ ಯಂತ್ರಗಳ ಫೈಲ್ ಗಾತ್ರ ಹೋಲಿಸಿದರೆ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ‘ಆರ್‌ಬಿ’, ‘ಡಬ್ಲ್ಯುಬಿ’ ಎಂದು ತಿದ್ದಿ. ಪೈಪ್ ಮೂಲಕವೂ ಬಳಸುವುದಾದರೆ ಸ್ಟ್ಯಾಂಡರ್ಡ್ ಇನ್‌ಪುಟ್, ಔಟ್‌ಪುಟ್ ಎರಡನ್ನೂ ಸೆಟ್‌ಮೋಡ್ ಕರೆದು ಬೈನರಿಗೆ ಬದಲಿಸಬೇಕು.

ಪೈ ನಿಲ್ಲದಿರುವುದಕ್ಕೆ ಕಾರಣವೇ ಬೇರೆ. ಒಂದೊಂದೇ ಬೈಟ್ ಓದುವ ಎಫ್‌ಗೆಟ್‌ಸಿ ಕೊಡುವ ಬೆಲೆಯನ್ನು ‘ಕ್ಯಾರ್’ ಚರಕ್ಕೆ ಹಾಕಿ, ಅದು ‘ಇಒಎಫ್’ ಹೌದೋ ಎಂದು ನೋಡುತ್ತಿದ್ದೀರಿ. ಫೈಲ್ ಮುಗಿಯಿತೆಂಬ ಸೂಚನೆಯಾದ ಇಒಎಫ್ ಅಂದರೆ ಮೈನಸ್ 1. ಪೈನಲ್ಲಿರುವ ಆರ್ಮ್ ಲಿನಕ್ಸ್‌ನಲ್ಲಿ ಕ್ಯಾರ್‌ಗೆ ಋಣ ಚಿಹ್ನೆಯಿಲ್ಲ, ಮೈನಸ್ 1 ಅಲ್ಲಿ 255 ಆಗಿ ಕೂರುತ್ತದೆ. ಹೋಲಿಕೆ ಎಂದೂ ನಿಜವಾಗದು, ಲೂಪ್ ಸುತ್ತುತ್ತಲೇ ಇರುತ್ತದೆ. ಇಂಟೆಲ್ ಲ್ಯಾಪ್‌ಟಾಪಿನಲ್ಲಿ ‘ಸರಿಯಾಗಿದೆ’ ಅನ್ನಿಸಿದ್ದೂ ಅದೃಷ್ಟವೇ. ಅಲ್ಲಿ ನಿಜವಾದ 255 ಬೈಟ್ ಬಂದರೆ ಅದನ್ನೇ ಫೈಲಿನ ಕೊನೆ ಎಂದುಕೊಳ್ಳುತ್ತದೆ. ಮಳೆ ಲೆಕ್ಕದಂಥ ಪಠ್ಯದಲ್ಲಿ, ಕನ್ನಡದಲ್ಲೇ ಇದ್ದರೂ, 255 ಬರುವುದಿಲ್ಲ. ಯುಟಿಎಫ್-8ರಲ್ಲಿ ಆ ಬೈಟಿಗೆ ಜಾಗವೇ ಇಲ್ಲ. ಬೇಕಾದರೆ ಕಾಫಿ ಗಿಡದ ಒಂದು ಜೆಪೆಗ್ ಫೋಟೊ ಕೊಟ್ಟು ನೋಡಿ: ಅದರ ಮೊದಲ ಬೈಟೇ 255, ಪ್ರೋಗ್ರಾಂ ಅದನ್ನು ಖಾಲಿ ಫೈಲ್ ಅನ್ನುತ್ತದೆ! ಚರವನ್ನು ‘ಇಂಟ್’ ಮಾಡಿದರೆ ಎರಡೂ ಕಡೆಯ ಕಾಟ ತೀರಿತು. ಪೈನ ವರ್ತನೆಯನ್ನು ಲ್ಯಾಪ್‌ಟಾಪಿನಲ್ಲೇ ನೋಡಲು ಜಿಸಿಸಿ ಕಂಪೈಲರಿಗೆ ‘ಎಫ್‌ಅನ್‌ಸೈನ್ಡ್-ಕ್ಯಾರ್’ ಆಯ್ಕೆ ಕೊಡಿ. ಜೊತೆಗೆ ‘ವಾಲ್’, ‘ಎಕ್ಸ್‌ಟ್ರಾ’ ಎಚ್ಚರಿಕೆಗಳನ್ನೂ ಹಚ್ಚಿದರೆ ಕಂಪೈಲರೇ ಆ ಸಾಲನ್ನು ತೋರಿಸುತ್ತದೆ.

ಇನ್ನೊಂದು ತಪ್ಪು ಇನ್ನೂ ನಿಮಗೆ ಕಚ್ಚಿಲ್ಲ. ಮೂಲ ಗಾತ್ರವನ್ನು ‘ಲಾಂಗ್’ನಲ್ಲಿಟ್ಟು ನೇರ ಬರೆದಿದ್ದೀರಿ. ಅದು 64 ಬಿಟ್ ಲಿನಕ್ಸ್‌ನಲ್ಲಿ 8 ಬೈಟ್, ವಿಂಡೋಸ್‌ನಲ್ಲಿ 4. ಒಂದರಲ್ಲಿ ಕುಗ್ಗಿಸಿದ್ದನ್ನು ಇನ್ನೊಂದರಲ್ಲಿ ಬಿಚ್ಚಿದರೆ ತಲೆಭಾಗವೇ 4 ಬೈಟ್ ಜರುಗುತ್ತದೆ. 64 ಬಿಟ್ಟಿನ ಚಿಹ್ನೆರಹಿತ ಪೂರ್ಣಾಂಕ ತೆಗೆದುಕೊಂಡು, ಕಿರಿಯ ಬೈಟಿನಿಂದ ಆರಂಭಿಸಿ ಎಂಟನ್ನೂ ಒಂದೊಂದಾಗಿ ಬರೆಯಿರಿ.

ತಿದ್ದಿದ ಮೇಲೆ ಖಾಲಿ ಫೈಲ್, ಒಂದೇ ಬೈಟಿನ ಫೈಲ್, 0ಯಿಂದ 255ರವರೆಗಿನ ಎಲ್ಲ ಬೈಟುಗಳಿರುವ ಫೈಲ್ ಇವಿಷ್ಟನ್ನು ಒಂದು ಯಂತ್ರದಲ್ಲಿ ಕುಗ್ಗಿಸಿ ಮತ್ತೊಂದರಲ್ಲಿ ಬಿಚ್ಚಿ. ಹೋಲಿಸಲು ಲಿನಕ್ಸ್, ಮ್ಯಾಕ್‌ಗಳಲ್ಲಿ ‘ಸಿಎಂಪಿ’, ವಿಂಡೋಸ್‌ನಲ್ಲಿ ‘ಎಫ್‌ಸಿ’ಗೆ ‘ಬಿ’ ಆಯ್ಕೆ. ಒಂದೇ ಅಕ್ಷರ ಪುನರಾವರ್ತನೆಯಾಗುವ ಫೈಲಿಗೆ ಹಫ್‌ಮನ್ ಸಂಕೇತದ ಉದ್ದ ಸೊನ್ನೆಯಾಗುತ್ತದೆ. ಅದನ್ನು ಪ್ರತ್ಯೇಕವಾಗಿ ನಿಭಾಯಿಸಿದ್ದೀರಾ ನೋಡಿಕೊಳ್ಳಿ.

ಪ್ರಶ್ನೆ: ಎಂಸಿಸ್2ರಲ್ಲಿ (ವಿಂಡೋಸ್‌ಗೆ ಲಿನಕ್ಸ್ ಬಗೆಯ ಸಲಕರಣೆ ಕೊಡುವ ತಂತ್ರಾಂಶ) ತಯಾರಿಸಿದ ಇಎಕ್ಸ್‌ಇ ಬೇರೆ ಕಂಪ್ಯೂಟರಿನಲ್ಲಿ ‘ಎಂಸಿಸ್-2.0 ಡಿಎಲ್‌ಎಲ್ ಇಲ್ಲ’ ಅನ್ನುತ್ತದೆ. ಉಬುಂಟು 22.04ರಲ್ಲಿ ಕಟ್ಟಿದ್ದು 20.04ರಲ್ಲಿ ‘ಜಿಲಿಬ್‌ಸಿ (ಲಿನಕ್ಸಿನ ಸಿ ಲೈಬ್ರರಿ) 2.34 ಸಿಗಲಿಲ್ಲ’ ಎಂದು ನಿಲ್ಲುತ್ತದೆ.
– ಓದುಗರು, ಕುಶಾಲನಗರ

ಉತ್ತರ: ನೀವು ತಪ್ಪು ಕಿಟಕಿ ತೆರೆದಿದ್ದೀರಿ. ಎಂಸಿಸ್2ರ ಜೊತೆ ಹಲವು ಟರ್ಮಿನಲ್‌ಗಳು ಬರುತ್ತವೆ. ‘ಎಂಸಿಸ್’ ಹೆಸರಿನದರಲ್ಲಿ ಅದರದೇ ಜಿಸಿಸಿಯಿಂದ ಕಟ್ಟಿದ್ದು ಆ ಡಿಎಲ್‌ಎಲ್ ಇಲ್ಲದೆ ಓಡದು. ‘ಯುಸಿಆರ್‌ಟಿ64’ ತೆರೆದು, ಅದರ ಪ್ಯಾಕೇಜ್ ಸಲಕರಣೆ ಪ್ಯಾಕ್‌ಮ್ಯಾನ್‌ನಿಂದ ಅದಕ್ಕೆಂದೇ ಇರುವ ಜಿಸಿಸಿ ಹಾಕಿಕೊಂಡು, ಹಳೆಯ ಆಬ್ಜೆಕ್ಟ್ ಫೈಲುಗಳನ್ನು ಅಳಿಸಿ, ‘ಸ್ಟ್ಯಾಟಿಕ್’ ಆಯ್ಕೆಯೊಂದಿಗೆ ಮತ್ತೆ ಕಟ್ಟಿ. ವಿಂಡೋಸ್ 10ರಿಂದೀಚೆಗೆ ಬೇರೇನೂ ಜೊತೆಗೆ ಕಳಿಸಬೇಕಿಲ್ಲ.

ಲಿನಕ್ಸ್‌ನದು ಹಳೇ-ಹೊಸದರ ತಕರಾರು. 22.04ರಲ್ಲಿರುವುದು ಜಿಲಿಬ್‌ಸಿ 2.35, 20.04ರಲ್ಲಿ 2.31. ಹಳೆಯದರಲ್ಲಿ ಕಟ್ಟಿದ್ದು ಹೊಸದರಲ್ಲಿ ನಡೆಯುತ್ತದೆ, ತಿರುವುಮುರುವು ನಡೆಯದು. ಕಂಟೇನರ್‌ನಲ್ಲಿ (ಯಂತ್ರದೊಳಗಿನ ಪ್ರತ್ಯೇಕ ಆವರಣ) 20.04 ಹಾಕಿಕೊಂಡು ಅಲ್ಲೇ ಕಟ್ಟಿ.

ಪ್ರಶ್ನೆ: ಫೈಲ್ ಕುಗ್ಗಿಸುವ ಬಿಜಿಪ್2 1.0.8ನ್ನು ಮ್ಯಾಕ್‌ನಲ್ಲಿ ಕಟ್ಟುವಾಗ ಲಿಂಕರ್ ‘ಎಸ್‌ಒನೇಮ್ ಗೊತ್ತಿಲ್ಲ’ ಅನ್ನುತ್ತದೆ. ಹಳೆಯ ಇಂಟೆಲ್ ಮ್ಯಾಕ್‌ಗೂ ಒಂದೇ ಫೈಲ್ ಬೇಕಿತ್ತು.
– ಓದುಗರು, ವಿರಾಜಪೇಟೆ

ಉತ್ತರ: ಹಂಚಿಕೆ ಲೈಬ್ರರಿಗೆಂದಿರುವ ಎರಡನೇ ಮೇಕ್‌ಫೈಲ್ (ಕಟ್ಟುವ ಸೂಚನೆಗಳ ಪಟ್ಟಿ) ಬಳಸಿದ್ದೀರಿ. ಅದು ಲಿನಕ್ಸ್‌ಗಾಗಿ ಬರೆದದ್ದು, ಎಸ್‌ಒನೇಮ್ ಆಯ್ಕೆ ಆ್ಯಪಲ್ ಲಿಂಕರ್‌ನಲ್ಲಿಲ್ಲ. ನಿಮಗೆ ಬೇಕಿರುವುದು ಪ್ರೋಗ್ರಾಂ ಮಾತ್ರವಾದ್ದರಿಂದ ಸಾದಾ ಮೇಕ್‌ಫೈಲ್ ಸಾಕು. ‘ಸಿಸಿ’ ಜಾಗದಲ್ಲಿ ‘ಕ್ಲ್ಯಾಂಗ್, ಆರ್ಕ್, ಆರ್ಮ್64’ ಕೊಟ್ಟು ಒಮ್ಮೆ, ಹೆಸರು ಬದಲಿಸಿಟ್ಟು, ‘ಮೇಕ್ ಕ್ಲೀನ್’ ಮಾಡಿ, ‘ಎಕ್ಸ್86-64’ ಕೊಟ್ಟು ಇನ್ನೊಮ್ಮೆ ಕಟ್ಟಿ, ಕೊನೆಗೆ ‘ಲಿಪೊ’ದಿಂದ ಎರಡನ್ನೂ ಜೋಡಿಸಿ. ರೊಸೆಟ್ಟಾ (ಇಂಟೆಲ್ ಪ್ರೋಗ್ರಾಂ ಓಡಿಸುವ ಆ್ಯಪಲ್ ತಂತ್ರಾಂಶ) ಇಲ್ಲದ ಎಂ1, ಎಂ2 ಮ್ಯಾಕ್‌ಗಳಲ್ಲಿ ಎರಡನೇ ಸುತ್ತು ಪರೀಕ್ಷೆಯ ಹಂತದಲ್ಲಿ ಸೋಲುತ್ತದೆ. ಅಲ್ಲಿ ‘ಮೇಕ್ ಬಿಜಿಪ್2’ ಎಂದಷ್ಟೇ ಕೊಡಿ.

ಪ್ರಶ್ನೆ: ಕಕ್ಕಡದ (ಕೊಡಗಿನ ಮಳೆಗಾಲದ ತಿಂಗಳು) ಮಳೆಗೆ ಕರೆಂಟ್ ಹೋಗಿ ಅರ್ಧ ಬರೆದ ಫೈಲ್ ಉಳಿಯುತ್ತದೆ, ಮೂಲವೂ ಅಳಿಸಿರುತ್ತದೆ. ಕೋಡಿನಲ್ಲೇ ತಡೆಯಬಹುದೇ?
– ಬೆಳೆಗಾರರು, ನಾಪೋಕ್ಲು

ಉತ್ತರ: ಬಹುದು. ತಾತ್ಕಾಲಿಕ ಹೆಸರಿನಲ್ಲಿ ಬರೆದು, ಎಫ್‌ಫ್ಲಶ್ ಆದ ಮೇಲೆ ಡಿಸ್ಕಿಗೆ ಇಳಿಸಿ (ಲಿನಕ್ಸ್‌ನಲ್ಲಿ ಎಫ್‌ಸಿಂಕ್, ವಿಂಡೋಸ್‌ನಲ್ಲಿ ಕಮಿಟ್, ಮ್ಯಾಕ್‌ನಲ್ಲಿ ಎಫ್‌ಸಿಎನ್‌ಟಿಎಲ್ ಮೂಲಕ ಫುಲ್‌ಎಫ್‌ಸಿಂಕ್). ಮತ್ತೆ ಓದಿ ಬಿಚ್ಚಿ ತಾಳೆ ನೋಡಿದ ಮೇಲೆ ಹೆಸರು ಬದಲಿಸಿ, ಕಟ್ಟಕಡೆಗೆ ಮೂಲ ಅಳಿಸಿ. ಆ ಹೆಸರಿನ ಫೈಲ್ ಮೊದಲೇ ಇದ್ದರೆ ವಿಂಡೋಸ್‌ನಲ್ಲಿ ಸಿಯ ‘ರೀನೇಮ್’ ಸೋಲುತ್ತದೆ, ಲಿನಕ್ಸ್‌ನಲ್ಲಿ ಸದ್ದಿಲ್ಲದೆ ಅದರ ಮೇಲೆ ಕೂರುತ್ತದೆ. ವಿಂಡೋಸ್‌ಗೆ ಮೂವ್‌ಫೈಲ್‌ಎಕ್ಸ್ ಬಳಸಿ, ‘ರಿಪ್ಲೇಸ್ ಎಕ್ಸಿಸ್ಟಿಂಗ್’ ಸೂಚನೆ ಕೊಡಿ.