ಸೂತಕವಿಲ್ಲದ ದುಃಖ: ಆರೈಕೆ ಸಹಾಯಕಿಯೊಬ್ಬರ ಪ್ರಕರಣ

ಶಿರಸಿ ಪೇಟೆಯ ಹೊರವಲಯದಲ್ಲಿರುವ ಹಿರಿಯರ ವಸತಿಯೊಂದರ ವ್ಯವಸ್ಥಾಪಕರು ತಮ್ಮ ಆರೈಕೆ ಸಹಾಯಕಿಯೊಬ್ಬರನ್ನು ಆಪ್ತಸಮಾಲೋಚಕನಾದ ನನ್ನಲ್ಲಿಗೆ ಕಳುಹಿಸಿದಾಗ ಜೊತೆಗಿದ್ದ ಪತ್ರದಲ್ಲಿ ದುಃಖದ ಸುದ್ದಿಯೇ ಇರಲಿಲ್ಲ. ಮೂರು ವರ್ಷ ಒಂದೂ ದೂರಿಲ್ಲದೆ ದುಡಿದ ಈಕೆ ಐದು ವಾರಗಳಿಂದ ಮೂಲೆಯ ಕೋಣೆಯೊಂದರ ಕೆಲಸವನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳುತ್ತಿದ್ದಾರೆ, ಅಲ್ಲಿಗೆ ಹೊಸದಾಗಿ ಬಂದ ಅಜ್ಜಿಯೊಂದಿಗೆ ಮಾತನಾಡುವುದಿಲ್ಲ, ಒಂದು ಸಂಜೆ ರಕ್ತದೊತ್ತಡದ ಮಾತ್ರೆ ಕೊಡದೆಯೇ ಕೊಟ್ಟೆನೆಂದು ಪುಸ್ತಕದಲ್ಲಿ ಬರೆದಿದ್ದಾರೆ, ಆದ್ದರಿಂದ ಶಿಸ್ತಿನ ಬಗ್ಗೆ ತಿಳಿಹೇಳಬೇಕು ಎಂದಷ್ಟೇ ಇತ್ತು. ಆಕೆಯನ್ನು ಇಲ್ಲಿ ಗಂಗಾ ಎಂದು ಕರೆಯುತ್ತೇನೆ. ಹೆಸರನ್ನೂ ಗುರುತು ಹತ್ತಬಹುದಾದ ಇತರ ವಿವರಗಳನ್ನೂ ಬದಲಿಸಿದ್ದೇನೆ. ಬರೆಯುವುದಕ್ಕೆ ಆಕೆಯ ಒಪ್ಪಿಗೆ ಇದೆ.

ಸಂಸ್ಥೆಯೇ ಕಳುಹಿಸಿದವರೊಂದಿಗೆ ಮೊದಲು ಇತ್ಯರ್ಥವಾಗಬೇಕಾದದ್ದು ಒಂದಿದೆ. ಇಲ್ಲಿ ಆಡಿದ ಮಾತು ಕಚೇರಿಗೆ ಹೋಗುವುದಿಲ್ಲ, ಬಂದಿದ್ದರು ಮತ್ತು ಮುಂದೆ ಇಂಥ ವ್ಯವಸ್ಥೆ ಬೇಕು ಎನ್ನುವಷ್ಟನ್ನು ಮಾತ್ರ, ಅದನ್ನೂ ನಿಮಗೆ ಓದಿ ಹೇಳಿ ಕಳುಹಿಸುತ್ತೇನೆ ಎಂದೆ. ಗಂಗಾ ತಲೆಯಾಡಿಸಿದರು, ಆದರೆ ನಂಬಲಿಲ್ಲ. ಮೊದಲ ಎರಡು ಭೇಟಿಗಳನ್ನು ನಾನೇ ಹಾಳು ಮಾಡಿದೆನೆಂದು ಒಪ್ಪಿಕೊಳ್ಳಬೇಕು. ಸಂಬಳ, ರಜೆ, ರಾತ್ರಿ ಪಾಳಿ, ಘಟ್ಟದ ಕೆಳಗೆ ಕುಮಟಾ ತಾಲೂಕಿನಲ್ಲಿರುವ ತಾಯಿಯ ಆರೋಗ್ಯ, ಹೀಗೆ ಊರ ಸುತ್ತಿ ಕೇಳುತ್ತ ಹೋದೆ. ಎಲ್ಲಕ್ಕೂ ‘ಹಾಗೇನಿಲ್ಲ’ ಎಂಬ ಒಂದೇ ಉತ್ತರ ಬಂತು. ಮೂರನೇ ಸಲ, ದಿನದಲ್ಲಿ ಯಾವ ಹೊತ್ತು ಹೆಚ್ಚು ಕಷ್ಟವಾಗುತ್ತದೆ ಎಂದು ಕೇಳಿದಾಗ, ಮಧ್ಯಾಹ್ನ ಮೂರೂವರೆ ಎಂದು ಥಟ್ಟನೆ ಹೇಳಿಬಿಟ್ಟರು. ಅದು ಕವಳದ, ಎಂದರೆ ಎಲೆಯಡಿಕೆಯ, ಹೊತ್ತಾಗಿತ್ತು.

ಆ ಕೋಣೆಯಲ್ಲಿ ಮೂರು ವರ್ಷ ಇದ್ದವರು ಸಿದ್ದಾಪುರದ ಕಡೆಯ, ಎಂಬತ್ತು ದಾಟಿದ ಒಬ್ಬ ಅಜ್ಜಿ. ಸೊಂಟದ ಮೂಳೆ ಮುರಿದ ಮೇಲೆ ಹಾಸಿಗೆ ಹಿಡಿದವರು, ಜೊತೆಗೆ ಮರೆವಿನ ಕಾಯಿಲೆ. ಹಾಸಿಗೆ ಹುಣ್ಣಾಗದಂತೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು, ಗಂಟಲಲ್ಲಿ ಸಿಕ್ಕದಂತೆ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ ಉಣಿಸುವುದು, ಉಂಡ ಮೇಲೂ ಅರ್ಧ ತಾಸು ಮಲಗಗೊಡದೆ ಮಾತಿಗೆಳೆಯುವುದು, ಡೈಪರ್ ಬದಲಿಸುವುದು, ಮೈ ಒರೆಸುವುದು, ಇವಿಷ್ಟು ಕೆಲಸದ ಪಟ್ಟಿಯಲ್ಲಿದ್ದವು. ಪಟ್ಟಿಯಲ್ಲಿ ಇಲ್ಲದ್ದು ಕವಳ. ಹಲ್ಲಿಲ್ಲದ ಅಜ್ಜಿಗೆ ಎಲೆ, ಅಡಿಕೆ, ಸುಣ್ಣವನ್ನು ಕುಟ್ಟಾಣಿಯಲ್ಲಿ ನುಣ್ಣಗೆ ಕುಟ್ಟಿ, ವೈದ್ಯರು ಒಪ್ಪಿದಷ್ಟೇ ಚಿಟಿಕೆಯನ್ನು ತುಟಿಗೆ ಸವರಿದರೆ ಅವರು ಗಂಗಾಳನ್ನು ಎಂದೋ ತೀರಿಹೋದ ತಮ್ಮ ತಂಗಿಯೆಂದು ತಿಳಿದು ‘ಆಸ್ರಿ ಆತನೇ ತಂಗಿ?’ ಎಂದು, ಚಹಾ-ತಿಂಡಿಯಾಯಿತೇ ಎಂಬ ಅರ್ಥದಲ್ಲಿ, ವಿಚಾರಿಸುತ್ತಿದ್ದರಂತೆ. ಮಗನ ಹೆಸರು ಮರೆತ ಮೇಲೂ ಆ ಪ್ರಶ್ನೆ ಉಳಿದಿತ್ತು. ತರಬೇತಿಯಲ್ಲಿ ಹೇಳಿಕೊಟ್ಟಂತೆ ತಿದ್ದಲು ಹೋಗದೆ ಗಂಗಾ ‘ಆಯ್ತು ಅಕ್ಕ’ ಎನ್ನುತ್ತಿದ್ದರು. ಮೂರು ವರ್ಷ ದಿನವೂ ಹಾಗೆನ್ನುತ್ತಿದ್ದವಳಿಗೆ ಅದು ಬರಿಯ ತಂತ್ರವಾಗಿ ಉಳಿಯುವುದು ಹೇಗೆ?

ಅಜ್ಜಿ ಒಂದು ನಸುಕಿನಲ್ಲಿ ತೀರಿಕೊಂಡರು. ಕೊನೆಯ ಸ್ನಾನಕ್ಕೆ ಮುಂಚೆ ಮೈ ಒರೆಸಿ ಸೀರೆ ಉಡಿಸಿದವರು ಗಂಗಾ. ಮಧ್ಯಾಹ್ನಕ್ಕೆ ಬೆಂಗಳೂರಿನಿಂದ ಮಗ ಬಂದಾಗ ನಿಯಮದ ಪ್ರಕಾರ ಕೈಯ ಬಳೆಗಳನ್ನು ಎಣಿಸಿ, ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಒಪ್ಪಿಸಲಾಯಿತು. ಆ ಎಣಿಕೆಯಲ್ಲಿ ಯಾರದೂ ತಪ್ಪಿಲ್ಲವೆಂದು ಗಂಗಾಗೆ ಗೊತ್ತು. ಆದರೂ ಅಷ್ಟು ಹೊತ್ತು ಅಲ್ಲಿ ನಿಂತದ್ದು, ಆ ನಾಲ್ಕು ಬಳೆಗಳ ಸದ್ದು, ಎರಡೂ ಆಕೆಯನ್ನು ಬಿಟ್ಟಿರಲಿಲ್ಲ. ಇತರ ಹಿರಿಯರು ಗಾಬರಿಯಾಗಬಾರದೆಂದು ಶವವನ್ನು ಹಿಂದಿನ ಗೇಟಿನಿಂದ ಸಾಗಿಸಿದರು. ಅಜ್ಜಿಯ ಊರಿಗೆ ಹೋಗಿಬರುತ್ತೇನೆ ಎಂದು ಕೇಳುವ ಧೈರ್ಯ ಆಕೆಗೆ ಆಗಲಿಲ್ಲ. ನಾಲ್ಕನೆಯ ದಿನ ಅದೇ ಮಂಚಕ್ಕೆ ಹೊಸಬರು ಬಂದರು, ಅವರ ಹೊಣೆಯೂ ಗಂಗಾಗೇ ಬಂತು.

ಇಷ್ಟನ್ನು ಹೇಳಿ, ಸೆರಗಿನ ತುದಿಯನ್ನು ಸುತ್ತುತ್ತ, ಆಕೆ ಕೇಳಿದ ಮಾತಿದು: ‘ನನಗೇನು ಸೂತಕ ಬರುತ್ತದಾ ಸರ್, ನಾನು ಯಾಕೆ ಅಳಬೇಕು?’

ನಮ್ಮಲ್ಲಿ ದುಃಖಕ್ಕೆ ಒಂದು ಹಕ್ಕುಪತ್ರವಿದೆ, ಅದನ್ನು ರಕ್ತಸಂಬಂಧ ಕೊಡುತ್ತದೆ. ಸೂತಕ ಬಂದವರು ಹತ್ತು ದಿನ ಬೇರೆಯಾಗಿ ಕೂರುತ್ತಾರೆ, ಅವರನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ, ಹನ್ನೊಂದನೆಯ ದಿನ ತಲೆಯ ಮೇಲೆ ನೀರು ಬಿದ್ದು ಶುದ್ಧವಾಗುತ್ತದೆ, ಹದಿಮೂರಕ್ಕೆ ಊಟವಾಗುತ್ತದೆ. ಈ ಆಚರಣೆಯ ಮೈಲಿಗೆ ಮಡಿಗಳ ಲೆಕ್ಕವನ್ನು ನಾನು ಒಪ್ಪಬೇಕೆಂದಿಲ್ಲ. ಆದರೆ ಅದು ದುಃಖಕ್ಕೆ ಒಂದು ಆರಂಭವನ್ನೂ ಒಂದು ಮುಗಿತಾಯವನ್ನೂ ಕೊಡುತ್ತದೆ. ಗಂಗಾಳ ದುಃಖ ಶುರುವಾಯಿತೆಂದು ಯಾರೂ ಹೇಳಿರಲಿಲ್ಲ, ಹಾಗಾಗಿ ಅದು ಮುಗಿಯುವಂತೆಯೂ ಇರಲಿಲ್ಲ. ಅಮೆರಿಕದ ಶೋಕ ತಜ್ಞ ಕೆನೆತ್ ಡೋಕಾ 1980ರ ದಶಕದಲ್ಲಿ, ಸಮಾಜ ಮಾನ್ಯ ಮಾಡದ ಇಂಥ ಶೋಕಕ್ಕೊಂದು ಹೆಸರು ಕೊಟ್ಟಿದ್ದಾರೆ. ಗಂಗಾಳ ಪ್ರಶ್ನೆಯಲ್ಲಿ ಅವರ ಸಿದ್ಧಾಂತವೆಲ್ಲ ಇತ್ತು.

ಖಿನ್ನತೆಯ ಒಂಬತ್ತು ಪ್ರಶ್ನೆಗಳ ಪರೀಕ್ಷೆಯಲ್ಲಿ 27ಕ್ಕೆ 8 ಅಂಕ ಬಂತು. ಸಾಮಾನ್ಯವಾಗಿ 10 ಮುಟ್ಟಿದರೆ ಹೆಚ್ಚಿನ ತಪಾಸಣೆಗೆ ಕಳುಹಿಸುತ್ತೇವೆ. ಸಾಯುವ ಯೋಚನೆ ಇರಲಿಲ್ಲ, ಊಟ ಸೇರುತ್ತಿತ್ತು, ನಿದ್ದೆ ಮಾತ್ರ ನಸುಕಿಗೆ ಮುರಿಯುತ್ತಿತ್ತು. ದೀರ್ಘಕಾಲದ ಶೋಕದ ಅಸ್ವಸ್ಥತೆ ಎನ್ನಬೇಕಾದರೆ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಂತೆ ಕನಿಷ್ಠ ಆರು ತಿಂಗಳಾದರೂ ಕಳೆದಿರಬೇಕು. ಇಲ್ಲಿ ಕೆಲವು ವಾರಗಳಾಗಿದ್ದವಷ್ಟೆ. ಆದ್ದರಿಂದ ಇದು ಕಾಯಿಲೆಯಲ್ಲ, ಮಾತ್ರೆಯ ಅಗತ್ಯ ಈಗ ಕಾಣುವುದಿಲ್ಲ ಎಂದು ಸ್ಪಷ್ಟವಾಗಿ ತಿಳಿಸಿದೆ. ನಿದ್ದೆ ಇನ್ನೂ ಕೆಟ್ಟರೆ ಅಥವಾ ಬದುಕು ಬೇಡವೆನಿಸಿದರೆ ನನಗಾಗಿ ಕಾಯದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಬೇಕು, ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು ಎಂದು ಸಂಖ್ಯೆಯನ್ನು ಬರೆದುಕೊಟ್ಟೆ.

ರಕ್ತದೊತ್ತಡದ ಮಾತ್ರೆಯ ವಿಷಯದಲ್ಲಿ ನಾನು ಮೆದುವಾಗಲಿಲ್ಲ. ಕೊಡದ ಔಷಧವನ್ನು ಕೊಟ್ಟೆನೆಂದು ಬರೆದದ್ದು ಆ ಹೊಸ ಅಜ್ಜಿಗೆ ಅಪಾಯ ತರಬಹುದಿತ್ತು. ದುಃಖದಿಂದ ಅದರ ಕಾರಣ ತಿಳಿಯುತ್ತದೆಯೇ ಹೊರತು ತಪ್ಪು ಅಳಿಸುವುದಿಲ್ಲ. ಶುಶ್ರೂಷಕಿಯ ಬಳಿ ತಾವೇ ಹೋಗಿ ಹೇಳಬೇಕು, ಒಂದು ತಿಂಗಳು ಔಷಧದ ಪುಸ್ತಕಕ್ಕೆ ಇನ್ನೊಬ್ಬರ ಸಹಿಯೂ ಬೀಳಲಿ ಎಂದೆ. ಗಂಗಾ ಆ ದಿನವೇ ಹೇಳಿಬಂದರು.

ಮೂರೂವರೆಯ ಹೊತ್ತನ್ನು ಎರಡು ವಾರ ಸಹೋದ್ಯೋಗಿಯೊಂದಿಗೆ ಅದಲುಬದಲು ಮಾಡಿಕೊಂಡು ಹಿತ್ತಲಿನ ಬಾಳೆಗಿಡಗಳ ಬಳಿ ಕೂರಲು ಸೂಚಿಸಿದೆ; ಅಳು ಬಂದರೆ ಅಳುವುದು, ಬಾರದಿದ್ದರೆ ಸುಮ್ಮನೆ ಕೂರುವುದು, ಮೂರನೆಯ ವಾರದಿಂದ ಹತ್ತು ಹತ್ತು ನಿಮಿಷವಾಗಿ ಕೋಣೆಗೆ ಮರಳುವುದು. ಬೇರೆ ವಿಭಾಗಕ್ಕೆ ವರ್ಗ ಕೇಳೋಣವೇ ಎಂದದ್ದಕ್ಕೆ ಆಕೆ ಖಂಡಿತ ಬೇಡವೆಂದರು. ಆ ನಿರಾಕರಣೆ ನನಗೆ ಒಳ್ಳೆಯ ಲಕ್ಷಣವಾಗಿ ಕಂಡಿತು. ಮುಗಿತಾಯಕ್ಕೆ ಒಂದು ದಿನ ಗೊತ್ತುಮಾಡಿ, ಏನು ಮಾಡಬೇಕೆಂಬುದನ್ನು ನೀವೇ ಆರಿಸಿ ಎಂದಾಗ ಬಹಳ ಹೊತ್ತು ಯೋಚಿಸಿದರು. ಮುಂದಿನ ರಜೆಯಲ್ಲಿ ದೇವಿಮನೆ ಘಟ್ಟ ಇಳಿದು ಮನೆಗೆ ಹೋಗಿ, ಚಿಕ್ಕಂದಿನಲ್ಲಿ ತಾಯಿಯೊಂದಿಗೆ ಇಳಿತದ ಹೊತ್ತಿಗೆ ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದ ಅಘನಾಶಿನಿ ನದಿಯ ದಡದಲ್ಲಿ ಮಿಂದು, ಒಂದು ಕವಳ ನೀರಿಗೆ ಬಿಟ್ಟು ಬರುತ್ತೇನೆ ಎಂದರು. ನಾನು ಏನನ್ನೂ ಸೇರಿಸಲಿಲ್ಲ. ಅಜ್ಜಿಯ ಮಗನಿಗೆ ಫೋನ್ ಮಾಡುವ ಆಸೆಯೂ ಇತ್ತು. ಮಾಡಬಹುದು, ಆದರೆ ಉಪಕಾರದ ಮಾತು ಬಂದೀತೆಂದು ಕಾದು ಮಾಡಬೇಡಿ ಎಂದೆ. ಕೊನೆಗೆ ಆಕೆ ಮಾಡಲಿಲ್ಲ.

ಸಂಸ್ಥೆಯೊಂದಿಗಿನ ಮಾತು ಇದಕ್ಕಿಂತ ಉದ್ದವಾಯಿತು. ಮೂರು ತಿಂಗಳಿಗೊಮ್ಮೆ ಸಹಾಯಕಿಯರನ್ನು ಬದಲಿಸಿದರೆ ಯಾರಿಗೂ ಯಾರೂ ಅಂಟಿಕೊಳ್ಳುವುದಿಲ್ಲವಲ್ಲ ಎಂಬುದು ವ್ಯವಸ್ಥಾಪಕರ ಸಲಹೆ. ಮರೆವಿನ ಕಾಯಿಲೆಯವರಿಗೆ ಪರಿಚಿತ ಮುಖವೇ ಅರ್ಧ ಔಷಧ; ಪದೇ ಪದೇ ಹೊಸಬರು ಬಂದರೆ ಸ್ನಾನಕ್ಕೂ ಊಟಕ್ಕೂ ಹೆದರಿ ಪ್ರತಿಭಟಿಸುತ್ತಾರೆ. ಒಬ್ಬರ ಬದಲು ಇಬ್ಬರನ್ನು ಪರಿಚಿತರನ್ನಾಗಿ ಮಾಡಿ, ಆಗ ಭಾರವೂ ಹಂಚಿಹೋಗುತ್ತದೆ ಎಂದೆ. ಸಾವಾದಾಗ ಆರೈಕೆ ಮಾಡಿದವರಿಗೆ ಕೊನೆಯ ದರ್ಶನಕ್ಕೆ ಹೊತ್ತು ಕೊಡಬೇಕು, ಸಂಬಳ ಸಹಿತ ಒಂದು ದಿನದ ಬಿಡುವು ಇರಬೇಕು, ಅದೇ ಮಂಚದ ಹೊಸಬರನ್ನು ಒಂದೆರಡು ವಾರ ಬೇರೆಯವರು ನೋಡಿಕೊಳ್ಳಬೇಕು ಎಂದು ಬರೆದುಕೊಟ್ಟೆ. ಹಿಂದಿನ ಗೇಟಿನ ಬಗ್ಗೆ ಅವರು ಹಿಂಜರಿದರು. ಊಟದ ಪಂಕ್ತಿಯಲ್ಲಿ ಒಂದು ತಟ್ಟೆ ಕಡಿಮೆಯಾದದ್ದನ್ನು ಎಲ್ಲರಿಗಿಂತ ಮೊದಲು ಗಮನಿಸುವವರು ಅಲ್ಲಿನ ಹಿರಿಯರೇ, ನಾಳೆ ತಮ್ಮನ್ನೂ ಹೀಗೆಯೇ ಕದ್ದು ಸಾಗಿಸುತ್ತಾರೆ ಎಂಬುದಷ್ಟೇ ಅವರಿಗೆ ಈ ಗುಟ್ಟಿನಿಂದ ತಿಳಿಯುವುದು ಎಂದಾಗ, ಯೋಚಿಸುತ್ತೇವೆ ಎಂದರು. ಈಗಲೂ ಯೋಚಿಸುತ್ತಿದ್ದಾರೆ.

ಗಂಗಾ ಇನ್ನೂ ಮೂರು ಸಲ ಬಂದರು. ನಿದ್ದೆ ತಿಂಗಳೊಳಗೆ ಸುಧಾರಿಸಿತು, ಮೂರೂವರೆಗೆ ಕೋಣೆಯಲ್ಲಿರುವುದು ಅಭ್ಯಾಸವಾಯಿತು. ಹೊಸ ಅಜ್ಜಿ ಕವಳ ಹಾಕುವವರಲ್ಲ, ರೇಡಿಯೋ ಕೇಳುವವರು, ಮಹಾ ಜಗಳಗಂಟಿ ಎಂದು ಕೊನೆಯ ಸಲ ನಗುತ್ತಲೇ ದೂರಿದರು.

ಬಿಡುವಿನ ನಿಯಮವನ್ನು ಸಂಸ್ಥೆ ಒಪ್ಪಿಕೊಂಡಿತು. ಕಳೆದ ವಾರ ವ್ಯವಸ್ಥಾಪಕರು ಫೋನ್ ಮಾಡಿ, ಅಡುಗೆಯವರೂ ಅದನ್ನು ಕೇಳುತ್ತಿದ್ದಾರೆ, ಅವರಿಗೂ ಅನ್ವಯಿಸಬೇಕೇ ಎಂದು ವಿಚಾರಿಸಿದರು. ಆ ಅಜ್ಜಿಗೆಂದು ಮೂರು ವರ್ಷ ಖಾರವಿಲ್ಲದ ತಂಬುಳಿಯನ್ನು ದಿನವೂ ಬೇರೆಯಾಗಿ ಬೀಸಿಕೊಟ್ಟವರು ಅವರು. ಅನ್ವಯಿಸಬೇಕು ಎಂದು ಬರೆದು ಕಳುಹಿಸಿದೆ.